ಶಿವರಾತ್ರಿಯ ವಾರದಲ್ಲಿ ಬಿಸಿಗಾಳಿ: ಒಂದು ಮುನ್ಸೂಚನೆಯ ಹಿನ್ನೆಲೆ

ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಮ್ಮ ಹಿರಿಯರ ಲೆಕ್ಕ. ಚಳಿ ಹೋಗುವುದಕ್ಕೂ ಸುಡುಬಿಸಿಲು ಬರುವುದಕ್ಕೂ ನಡುವೆ ಒಂದಷ್ಟು ವಾರಗಳ ಬಿಡುವು ಇರುತ್ತದೆ ಎಂಬ ಭರವಸೆಯೂ ಆ ಲೆಕ್ಕದೊಳಗೆ ಸೇರಿದೆ. 2025ರಲ್ಲಿ ಹಬ್ಬ ಬಂದದ್ದು ಫೆಬ್ರವರಿ 26ಕ್ಕೆ. ಅದೇ ವಾರ ಭಾರತೀಯ ಹವಾಮಾನ ಇಲಾಖೆಯು ಕರಾವಳಿ ಕರ್ನಾಟಕದ ಕೆಲವೆಡೆ ಬಿಸಿಗಾಳಿ ಬೀಸುವ ಸಾಧ್ಯತೆಯಿದೆ ಎಂದು ಎಚ್ಚರಿಸಿತು. ಇಲಾಖೆಯ ಋತುವಿಂಗಡಣೆಯಲ್ಲಿ ಜನವರಿ ಮತ್ತು ಫೆಬ್ರವರಿ ಚಳಿಗಾಲದ ತಿಂಗಳುಗಳು. ಮುಂಗಾರು ಪೂರ್ವ ಅವಧಿಯ ಎಣಿಕೆ ಆರಂಭವಾಗುವುದೇ ಮಾರ್ಚ್ 1ರಿಂದ. ಹೀಗಾಗಿ ಚಳಿಗಾಲದ ಮುನ್ಸೂಚನೆಯೊಳಗೆ ಬಿಸಿಗಾಳಿಯ ಮಾತು ಕಾಣಿಸಿಕೊಂಡಂತಾಯಿತು.

ಅದೊಂದು ವರ್ಷದ ಅಪವಾದವೆಂದು ತಳ್ಳಿಹಾಕುವಂತಿಲ್ಲ. 2022ರ ಮಾರ್ಚ್‌ನಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 33.10 ಡಿಗ್ರಿ ಸೆಲ್ಸಿಯಸ್‌ಗೆ ಏರಿ, 1901ರಿಂದ ಈಚೆಗಿನ ದಾಖಲೆಗಳಲ್ಲೇ ಅತಿ ಹೆಚ್ಚಿನದೆನಿಸಿತು. ಕಾಳು ಕಟ್ಟುವ ಹೊತ್ತಿನಲ್ಲಿ ಬಿಸಿಲು ತಾಗಿದ್ದರಿಂದ ಉತ್ತರ ಭಾರತದ ಗೋಧಿ ಬೆಳೆ ಸೊರಗಿತು. ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತನ್ನು ನಿಷೇಧಿಸಿತು. ಮರುವರ್ಷ ಫೆಬ್ರವರಿಯ ಸರಾಸರಿ ಗರಿಷ್ಠ ಉಷ್ಣಾಂಶವೂ ಹಿಂದಿನ ದಾಖಲೆಯನ್ನು ಮುರಿಯಿತು. ಬಿಸಿಲಿನ ಗಡಿ ಪಂಚಾಂಗದಲ್ಲಿ ಹಿಂದೆ ಹಿಂದೆ ಸರಿಯುತ್ತಿದೆ. ಆದರೆ ಅದನ್ನು ಮೊದಲೇ ಹೇಳಬೇಕಾದ ಮುನ್ಸೂಚನಾ ವ್ಯವಸ್ಥೆಯು ಹುಟ್ಟಿದ್ದು ಬೇರೆ ಕಾರಣಕ್ಕೆ, ಬೆಳೆದದ್ದು ಬೇರೆ ಋತುವಿನ ಮೇಲೆ ಕಣ್ಣಿಟ್ಟು. ಇಂದಿನ ಅದರ ಬಲವೂ ಕೊರತೆಯೂ ಅರ್ಥವಾಗಬೇಕಾದರೆ ಆ ಹಿನ್ನೆಲೆಯನ್ನು ನೋಡಬೇಕು.

1864ರಲ್ಲಿ ಕಲ್ಕತ್ತೆಗೆ ಅಪ್ಪಳಿಸಿದ ಚಂಡಮಾರುತ ಮತ್ತು ಅದರ ಬೆನ್ನಿಗೇ ಮಳೆ ಕೈಕೊಟ್ಟು ಬಂದ ಬರಗಳು ಬ್ರಿಟಿಷ್ ಆಡಳಿತವನ್ನು ಎಚ್ಚರಿಸಿದವು. 1875ರಲ್ಲಿ ಹವಾಮಾನ ಇಲಾಖೆ ಸ್ಥಾಪನೆಯಾಗಿ, ಹೆನ್ರಿ ಬ್ಲ್ಯಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥರಾದರು. ಹಿಮಾಲಯದ ಹಿಮದ ಪ್ರಮಾಣವನ್ನು ಆಧರಿಸಿ ಮುಂಗಾರಿನ ಮೊದಲ ದೀರ್ಘಾವಧಿ ಮುನ್ಸೂಚನೆಯನ್ನು ಅವರು ಅಧಿಕೃತವಾಗಿ ಪ್ರಕಟಿಸಿದ್ದು 1886ರಲ್ಲಿ. ಮೈಸೂರು ಸಂಸ್ಥಾನವೂ ಹೆಚ್ಚು ಹಿಂದುಳಿಯಲಿಲ್ಲ. 1890ರ ದಶಕದ ಆರಂಭದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ ಸಂಸ್ಥಾನಕ್ಕೆ ತನ್ನದೇ ಹವಾಮಾನ ಇಲಾಖೆ ಬಂತು; ಬೆಂಗಳೂರು, ಮೈಸೂರು, ಹಾಸನ ಮತ್ತು ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ನಿಂತವು. ಅಲ್ಲಿ ಉಷ್ಣಾಂಶವನ್ನು ದಿನವೂ ಗುರುತು ಹಾಕಲಾಗುತ್ತಿತ್ತಾದರೂ ಸರ್ಕಾರಕ್ಕೆ ಬೇಕಾಗಿದ್ದುದು ಮಳೆಯ ಲೆಕ್ಕ, ಏಕೆಂದರೆ ಕೆರೆ ತುಂಬುವುದೂ ಕಂದಾಯ ಬರುವುದೂ ಮಳೆಯಿಂದ. ಬಿಸಿಲು ಬೇಸಿಗೆಯ ಸಹಜ ಗುಣವೆನಿಸಿತ್ತೇ ಹೊರತು ಮುನ್ಸೂಚನೆ ಬೇಡುವ ವಿಪತ್ತು ಎನಿಸಿರಲಿಲ್ಲ.

ಈ ಒಲವು ಮುಂದೆಯೂ ಬದಲಾಗಲಿಲ್ಲ. 1945ರಲ್ಲಿ ಆಕಾಶವಾಣಿಯ ಮೂಲಕ ರೈತರಿಗಾಗಿ ಆರಂಭವಾದ ಹವಾಮಾನ ವರದಿ ಮುಖ್ಯವಾಗಿ ಬಿತ್ತನೆ ಮತ್ತು ಕೊಯ್ಲಿನ ಹೊತ್ತಿನ ಮಳೆಯನ್ನು ಕುರಿತದ್ದಾಗಿತ್ತು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ರೇಡಿಯೊ ಕೇಳಿದವರಿಗೆ ರಾಜ್ಯದಾದ್ಯಂತ ಒಣಹವೆ ಮುಂದುವರಿಯಲಿದೆ ಎಂಬ ಒಂದೇ ವಾಕ್ಯ ವಾರಗಟ್ಟಲೆ ಕೇಳಿಸುತ್ತಿದ್ದುದು ನೆನಪಿರಬಹುದು. ಆ ಒಣಹವೆ 32 ಡಿಗ್ರಿಯದೋ 38 ಡಿಗ್ರಿಯದೋ ಎಂಬುದು ಆ ವಾಕ್ಯದಿಂದ ತಿಳಿಯುತ್ತಿರಲಿಲ್ಲ.

ಉಷ್ಣವನ್ನು ಪ್ರತ್ಯೇಕವಾಗಿ ಗಮನಿಸಬೇಕೆಂಬ ಅರಿವು ಬಂದದ್ದು ಸಾವುಗಳ ಮೂಲಕ. 1998ರಲ್ಲಿ ಒಡಿಶಾದಲ್ಲಿ 2 ಸಾವಿರಕ್ಕೂ ಹೆಚ್ಚು ಜನ ಬಿಸಿಲಿನ ಝಳಕ್ಕೆ ಬಲಿಯಾದ ಮೇಲೆ ಆ ರಾಜ್ಯ ಬಿಸಿಗಾಳಿಯನ್ನು ವಿಪತ್ತೆಂದು ಪರಿಗಣಿಸಿ ಸಿದ್ಧತೆ ಆರಂಭಿಸಿತು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಸಾವುಗಳನ್ನು ಹಿಂದಿನ ವರ್ಷಗಳ ಸರಾಸರಿಯೊಡನೆ ಹೋಲಿಸಿದಾಗ 1,344 ಸಾವುಗಳು ಹೆಚ್ಚುವರಿಯಾಗಿದ್ದವು. ಇವುಗಳಲ್ಲಿ ಬಹಳಷ್ಟು ಸಾವುಗಳಿಗೆ ಕಾರಣ ಬಿಸಿಲೆಂದು ಯಾವ ದಾಖಲೆಯಲ್ಲೂ ನಮೂದಾಗಿರಲಿಲ್ಲವೆಂಬುದು ಇಲ್ಲಿ ಮುಖ್ಯ. ಪ್ರವಾಹದಂತೆ ಉಷ್ಣವು ಕಣ್ಣಿಗೆ ಕಾಣುವ ಗುರುತು ಬಿಟ್ಟುಹೋಗುವುದಿಲ್ಲ. 2013ರಲ್ಲಿ ಆ ನಗರ ರೂಪಿಸಿದ ಉಷ್ಣ ಕ್ರಿಯಾ ಯೋಜನೆಯು ಮುನ್ಸೂಚನೆಯ ಅಂಕಿಯನ್ನು ಆಸ್ಪತ್ರೆ, ನೀರಿನ ವ್ಯವಸ್ಥೆ ಮತ್ತು ಕೆಲಸದ ವೇಳೆಗಳೊಡನೆ ಮೊದಲ ಬಾರಿಗೆ ಜೋಡಿಸಿತು. 2015ರಲ್ಲಿ ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಮತ್ತೆ ಸಾವಿರಾರು ಜನ ಸತ್ತರು. ಮರುವರ್ಷ ಇಲಾಖೆಯು ಬೇಸಿಗೆಗೆಂದೇ ಋತುಮಾನದ ಮುನ್ನೋಟ ನೀಡಲಾರಂಭಿಸಿತು, ಬಿಸಿಗಾಳಿಯ ಮಾನದಂಡವನ್ನೂ ಪರಿಷ್ಕರಿಸಿತು.

ಆ ಮಾನದಂಡವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಋತುವಿಗೆ ಮುಂಚೆ ಬರುವ ಬಿಸಿಲಿನ ತೊಡಕೆಲ್ಲ ಅದರೊಳಗೇ ಇದೆ. ಗರಿಷ್ಠ ಉಷ್ಣಾಂಶವು ಬಯಲಿನಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಮುಟ್ಟಿರಬೇಕು. ಅದರ ಜೊತೆಗೆ ಅದು ವಾಡಿಕೆಗಿಂತ, ಅಂದರೆ ಆ ಊರಿನ ಮೂವತ್ತು ವರ್ಷಗಳ ಸರಾಸರಿಗಿಂತ, 4.5ರಿಂದ 6.4 ಡಿಗ್ರಿಯಷ್ಟು ಹೆಚ್ಚಿದ್ದರೆ ಬಿಸಿಗಾಳಿ, ಅದನ್ನೂ ಮೀರಿದರೆ ತೀವ್ರ ಬಿಸಿಗಾಳಿ. ವಾಡಿಕೆ ಎಷ್ಟೇ ಇದ್ದರೂ ಬಯಲಿನಲ್ಲಿ 45 ಡಿಗ್ರಿ ದಾಟಿದರೆ ಬಿಸಿಗಾಳಿಯೇ. ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ ಈ ಸ್ಥಿತಿ ಕಂಡುಬಂದರೆ ಎರಡನೆಯ ದಿನ ಘೋಷಣೆಯಾಗುತ್ತದೆ. ಕರ್ನಾಟಕದಲ್ಲಿ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು ಉಪವಿಭಾಗಗಳಿವೆ.

ಮಂಗಳೂರಿನ ಫೆಬ್ರವರಿಯ ವಾಡಿಕೆ ಗರಿಷ್ಠ 33 ಡಿಗ್ರಿಯ ಆಸುಪಾಸಿನಲ್ಲಿದೆ. ಅಲ್ಲಿ 38 ಡಿಗ್ರಿಯಾದರೆ ಎರಡೂ ಷರತ್ತುಗಳು ಪೂರೈಸುತ್ತವೆ. ಕಲಬುರಗಿಯಲ್ಲಿ ಅದೇ ತಿಂಗಳು ವಾಡಿಕೆಗಿಂತ 5 ಡಿಗ್ರಿ ಹೆಚ್ಚಾಗಿ 39ಕ್ಕೆ ಏರಿದರೂ 40ರ ಮೆಟ್ಟಿಲು ದಾಟದ ಕಾರಣ ಅದು ಬಿಸಿಗಾಳಿಯ ಪಟ್ಟಿಗೆ ಸೇರುವುದಿಲ್ಲ. ದೇಹವು ಇನ್ನೂ ಬಿಸಿಲಿಗೆ ಒಗ್ಗಿಕೊಂಡಿರದ ಕಾಲದಲ್ಲಿ ಬರುವ 39 ಡಿಗ್ರಿಯು ಮೇ ತಿಂಗಳ 42ಕ್ಕಿಂತ ಕಡಿಮೆ ಅಪಾಯದ್ದೆಂದು ಹೇಳುವಂತಿಲ್ಲ. ಬೆವರುವ ಪ್ರಮಾಣ, ರಕ್ತದ ಹರಿವು, ಉಪ್ಪಿನಂಶದ ಹತೋಟಿ ಇವೆಲ್ಲ ಹೊಸ ಉಷ್ಣಕ್ಕೆ ಹೊಂದಿಕೊಳ್ಳಲು ಒಂದೆರಡು ವಾರ ಹಿಡಿಯುತ್ತದೆ. ಬೆಂಗಳೂರಿನ ಸಂಗತಿ ಇನ್ನೂ ವಿಚಿತ್ರ. ನಗರ ವೀಕ್ಷಣಾಲಯದ ಸಾರ್ವಕಾಲಿಕ ದಾಖಲೆಯೇ 2016ರ ಏಪ್ರಿಲ್ 24ರ 39.2 ಡಿಗ್ರಿ; 2024ರ ಏಪ್ರಿಲ್ 28ರಂದು 38.5 ಮುಟ್ಟಿ ಜನ ಬೆಂದುಹೋದರು. ಬಯಲಿನ ಮಾನದಂಡದಿಂದ ಅಳೆದರೆ ಆ ಊರು ಇದುವರೆಗೆ ಬಿಸಿಗಾಳಿಯ ಹೊಸ್ತಿಲನ್ನೇ ತುಳಿದಿಲ್ಲ!

ಇನ್ನು ಕರಾವಳಿಯೇ ಏಕೆ ಮೊದಲು ಕಾಯುತ್ತದೆ? ಸಮುದ್ರದ ಮಗ್ಗುಲಲ್ಲಿರುವ ಊರು ತಂಪಾಗಿರಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಸಾಮಾನ್ಯ ದಿನಗಳಲ್ಲಿ ಬೆಳಗ್ಗೆ ನೆಲ ಕಾದಂತೆ ಅರಬ್ಬಿ ಸಮುದ್ರದ ಮೇಲಿನಿಂದ ಕಡಲಗಾಳಿ ಬೀಸತೊಡಗಿ, ಮಧ್ಯಾಹ್ನಕ್ಕೆ ಮುಂಚೆಯೇ ಉಷ್ಣಾಂಶದ ಏರಿಕೆಗೆ ತಡೆಯೊಡ್ಡುತ್ತದೆ. ಆದರೆ ಫೆಬ್ರವರಿ–ಮಾರ್ಚ್‌ನಲ್ಲಿ ಒಮ್ಮೊಮ್ಮೆ ಮೂಡಣ ಮತ್ತು ಈಶಾನ್ಯ ದಿಕ್ಕಿನ ಒಣಗಾಳಿ ಬಲವಾಗಿ, ಪ್ರಸ್ಥಭೂಮಿಯಿಂದ ಪಶ್ಚಿಮಘಟ್ಟವನ್ನು ದಾಟಿ ಕೆಳಕ್ಕಿಳಿಯುತ್ತದೆ. ಕೆಳಗಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಕಾಯುತ್ತದೆ. ಒಣಗಾಳಿಯಾದರೆ ಪ್ರತಿ ಸಾವಿರ ಮೀಟರಿಗೆ ಹತ್ತಿರಹತ್ತಿರ 10 ಡಿಗ್ರಿ. ಘಟ್ಟದ ಅಂಚಿನಿಂದ ಏಳೆಂಟು ನೂರು ಮೀಟರ್ ಇಳಿದು ಬರುವ ಗಾಳಿಗೆ ಇದರಿಂದಲೇ ಏಳೆಂಟು ಡಿಗ್ರಿ ಸೇರಬಲ್ಲುದು. ದಾರಿಯಲ್ಲಿ ಬೇರೆ ಗಾಳಿಯೊಡನೆ ಬೆರೆಯುವುದರಿಂದ ಲೆಕ್ಕ ಇಷ್ಟು ಸರಳವಾಗಿರುವುದಿಲ್ಲವಾದರೂ ಏರಿಕೆಯ ದಿಕ್ಕು ಇದೇ. ಆ ಗಾಳಿ ಕಡಲಗಾಳಿಯನ್ನು ತೀರದಾಚೆಗೇ ಹಿಡಿದು ನಿಲ್ಲಿಸುತ್ತದೆ. ಹನ್ನೊಂದು ಗಂಟೆಗೆ ಒಳಬರಬೇಕಾದ ಕಡಲಗಾಳಿ ಎರಡು ಗಂಟೆಯವರೆಗೂ ಬಾರದಿದ್ದರೆ ನಿರ್ಮಲ ಆಕಾಶದ ಬಿಸಿಲಿಗೆ ಪಾದರಸ 37, 38 ಎಂದು ಏರಿಬಿಡುತ್ತದೆ.

ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಉಷ್ಣಮಾಪಕ ತುತ್ತತುದಿಯಲ್ಲಿರುವ ಹೊತ್ತಿನಲ್ಲಿ ಗಾಳಿ ಒಣಗಿರುತ್ತದೆ, ಬೆವರು ಬೇಗ ಆರುತ್ತದೆ. ತಡವಾಗಿಯಾದರೂ ಕಡಲಗಾಳಿ ಒಳನುಗ್ಗಿದಾಗ ಉಷ್ಣಾಂಶ ಇಳಿದು ತೇವಾಂಶ ಏರುತ್ತದೆ. ಮೈಗೆ ಅಂಟುವ ಸೆಕೆ ಶುರುವಾಗುವುದು ಆಗಲೇ. ಗರಿಷ್ಠ ಉಷ್ಣಾಂಶವೊಂದನ್ನೇ ನೋಡುವ ಮಾನದಂಡಕ್ಕೆ ಸಂಜೆಯ ಈ ಸಂಕಟ ಕಾಣಿಸುವುದಿಲ್ಲ. ಈ ಕೊರತೆಯನ್ನು ತುಂಬಲು ಇಲಾಖೆಯು ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ಸೇರಿಸಿದ ಉಷ್ಣ ಸೂಚ್ಯಂಕವನ್ನು 2023ರ ಏಪ್ರಿಲ್‌ನಿಂದ ಪ್ರಾಯೋಗಿಕವಾಗಿ ಪ್ರಕಟಿಸುತ್ತ ಬಂದಿದೆ. ‘ಬಿಸಿ ಮತ್ತು ತೇವಭರಿತ ಹವೆ’ ಎಂಬ ಪ್ರತ್ಯೇಕ ಎಚ್ಚರಿಕೆಯೂ ಕರಾವಳಿಗೆ ಬರುತ್ತಿರುತ್ತದೆ. ಆದರೆ ಸುದ್ದಿಯ ತಲೆಬರಹಕ್ಕೆ ಏರುವುದು ಬಿಸಿಗಾಳಿ ಮಾತ್ರ.

ವಾರದ ಮುನ್ಸೂಚನೆಯು ಇದನ್ನೆಲ್ಲ ಎಷ್ಟರ ಮಟ್ಟಿಗೆ ಮೊದಲೇ ಹೇಳಬಲ್ಲುದು? ಇಲಾಖೆಯು ಪ್ರತಿ ಗುರುವಾರ ಮುಂದಿನ ವಾರಗಳ ಮುನ್ನೋಟ ಪ್ರಕಟಿಸುತ್ತದೆ. ಅದಕ್ಕಿಂತ ಹತ್ತಿರದ ದಿನಗಳಿಗೆ ಜಿಲ್ಲಾವಾರು ಎಚ್ಚರಿಕೆಗಳು ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ದಿನವೂ ಬರುತ್ತವೆ. ವಾತಾವರಣವನ್ನು ಲೆಕ್ಕದಲ್ಲಿ ಅನುಕರಿಸುವ ಒಂದೇ ಗಣಕ ಮಾದರಿಯನ್ನು ತುಸು ಬೇರೆಬೇರೆ ಆರಂಭಿಕ ಸ್ಥಿತಿಗಳಿಂದ ಹಲವು ಬಾರಿ ಓಡಿಸಿ, ಬಹುಪಾಲು ಫಲಿತಾಂಶಗಳು ಒಂದೇ ಕಡೆ ವಾಲಿದರೆ ವಿಶ್ವಾಸ ಹೆಚ್ಚು, ಚದುರಿದರೆ ಕಡಿಮೆ ಎಂದು ಲೆಕ್ಕ ಹಾಕುತ್ತಾರೆ. ದೇಶದ ಅಗಲಕ್ಕೆ ಹರಡುವ ಪ್ರತಿಚಂಡಮಾರುತವನ್ನು, ಅಂದರೆ ಗಾಳಿಯನ್ನು ಕೆಳಕ್ಕೊತ್ತಿ ಮೋಡ ಕಟ್ಟದಂತೆ ತಡೆಯುವ ಅಧಿಕ ಒತ್ತಡದ ವಲಯವನ್ನು, ಈ ವಿಧಾನದಿಂದ ಒಂದು ವಾರ ಮೊದಲೇ ಗುರುತಿಸುವುದು ಸಾಧ್ಯ. ಕಡಲಗಾಳಿ ನಾಳಿದ್ದು ಹನ್ನೊಂದಕ್ಕೆ ಬರುತ್ತದೋ ಎರಡಕ್ಕೆ ಬರುತ್ತದೋ ಎಂಬುದನ್ನು ವಾರ ಮೊದಲು ಹೇಳುವುದು ಸಾಧ್ಯವಿಲ್ಲ. ಕರಾವಳಿಯಲ್ಲಿ ಘಟ್ಟ ಮತ್ತು ಕಡಲಿನ ನಡುವೆ ಇರುವುದು ಕಿರಿದಾದ ಪಟ್ಟಿ. ಹತ್ತಾರು ಕಿಲೋಮೀಟರ್ ಅಗಲದ ಜಾಗದಲ್ಲಿ ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ಜಾಗತಿಕ ಮಾದರಿಗೆ ಸಿಗುವುದು ಕೆಲವೇ ಚೌಕಗಳು. ಹೀಗಾಗಿ ಎಚ್ಚರಿಕೆ ಕೊಟ್ಟ ದಿನ ಸುಮ್ಮನೆ 35 ಡಿಗ್ರಿಗೆ ನಿಲ್ಲುವುದೂ ಎಚ್ಚರಿಕೆ ಇಲ್ಲದ ದಿನ 38ಕ್ಕೆ ಏರುವುದೂ ನಡೆಯುತ್ತದೆ. 2023ರ ಫೆಬ್ರವರಿಯಲ್ಲಿ ಕೊಂಕಣಕ್ಕೆ ಕೊಟ್ಟ ಎಚ್ಚರಿಕೆಯನ್ನು ಇಲಾಖೆ ಬಳಿಕ ಹಿಂತೆಗೆದುಕೊಂಡಾಗ ಹಲವರು ನಕ್ಕರು. ಹೊಸ ಮಾಹಿತಿ ಬಂದಾಗ ಮುನ್ಸೂಚನೆಯನ್ನು ತಿದ್ದುವುದು ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತೆಂದೇ ನನ್ನ ಅಭಿಪ್ರಾಯ.

ಅಳತೆಯ ಕೇಂದ್ರಗಳ ಸಂಖ್ಯೆಯೂ ಇಲ್ಲಿ ಮುಖ್ಯವಾಗುತ್ತದೆ. ಕರಾವಳಿಯಲ್ಲಿ ದೀರ್ಘಕಾಲದ ವಾಡಿಕೆ ಲೆಕ್ಕ ಸಿಗುವುದು ಪಣಂಬೂರು, ಮಂಗಳೂರು ವಿಮಾನ ನಿಲ್ದಾಣ, ಹೊನ್ನಾವರ, ಶಿರಾಲಿ, ಕಾರವಾರದಂಥ ಬೆರಳೆಣಿಕೆಯ ಕೇಂದ್ರಗಳಿಗೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಸಂಸ್ಥೆಯು ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು ಹಾಕಿದೆ. ಪುತ್ತೂರು, ಸುಳ್ಯದ ಕಡೆಯ ಹೋಬಳಿಗಳಲ್ಲಿ 40 ಡಿಗ್ರಿ ಮುಟ್ಟಿತೆಂಬ ಸುದ್ದಿ ಬರುವುದು ಆ ಜಾಲದಿಂದ. ಅವುಗಳಿಗೆ ಮೂವತ್ತು ವರ್ಷಗಳ ವಾಡಿಕೆ ಇನ್ನೂ ಇಲ್ಲವಾದ್ದರಿಂದ ವಾಡಿಕೆಯಿಂದ ಎಷ್ಟು ದೂರ ಎಂಬ ಲೆಕ್ಕಕ್ಕೆ ಹಳೆಯ ಕೇಂದ್ರಗಳನ್ನೇ ನೆಚ್ಚಬೇಕು. ವಾಡಿಕೆಯಾದರೂ ಸ್ಥಿರವಲ್ಲ. 1981–2010ರ ಸರಾಸರಿಯ ಜಾಗಕ್ಕೆ 1991–2020ರ ಸರಾಸರಿ ಬಂದಾಗ, ಲೋಕ ಬಿಸಿಯಾಗುತ್ತಿರುವ ಕಾಲದಲ್ಲಿ, ಹೋಲಿಕೆಯ ನೆಲೆಯೂ ಮೇಲೇರುತ್ತದೆ. ಅದೇ 38 ಡಿಗ್ರಿಯು ಹಿಂದಿಗಿಂತ ಕಡಿಮೆ ಅಸಹಜವೆಂಬಂತೆ ಕಾಣುತ್ತದೆ.

ರೈತರ ಮಟ್ಟಿಗೆ ಈ ಮುನ್ಸೂಚನೆ ಹೆಚ್ಚು ಉಪಯುಕ್ತ ರೂಪದಲ್ಲಿ ತಲುಪುತ್ತಿದೆ. ಬೆಂಗಳೂರು, ಧಾರವಾಡ, ರಾಯಚೂರು ಮೊದಲಾದ ಕೃಷಿ ವಿಶ್ವವಿದ್ಯಾಲಯಗಳ ಘಟಕಗಳು ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹವಾಮಾನ ಆಧಾರಿತ ಸಲಹೆ ಹೊರಡಿಸುತ್ತವೆ. ಗೇರು ಮತ್ತು ಮಾವು ಹೂಬಿಟ್ಟಿರುವ ಫೆಬ್ರವರಿಯಲ್ಲಿ ಬಿಸಿಲೇರಿದರೆ ಹೂ ಕರಟಿ ಉದುರುತ್ತದೆ, ಎಳೆಯ ಅಡಿಕೆ ಸಸಿಗಳ ಎಲೆ ಸುಡುತ್ತದೆ. ಹೂಮಳೆಗೆ ಕಾದಿರುವ ಕಾಫಿ ಬೆಳೆಗಾರರಿಗೆ ತುಂತುರು ನೀರಾವರಿ ಯಾವಾಗ ಆರಂಭಿಸಬೇಕೆಂಬ ಚಿಂತೆ. ಬುಡಕ್ಕೆ ಹೊದಿಕೆ ಹಾಕಿ, ಸಂಜೆ ನೀರು ಕೊಡಿ ಎಂಬ ಒಂದು ಸಾಲು ಐದು ದಿನ ಮೊದಲು ಸಿಕ್ಕರೆ ಅದಕ್ಕೆ ಬೆಲೆಯಿದೆ.

ಆಡಳಿತದ ಕಡೆ ಮಾತ್ರ ಪಂಚಾಂಗವೇ ಇನ್ನೂ ಮುನ್ನಡೆಸುತ್ತಿದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಮತ್ತು ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಬಹುಕಾಲದಿಂದಿದೆ. ಬಿಸಿಲಿಗೆ ತಕ್ಕಂತೆ ಕೆಲಸದ ವೇಳೆಯನ್ನು ಬಾಗಿಸುವ ಒಳ್ಳೆಯ ಏರ್ಪಾಡು ಅದು. ಆದರೆ ಅದು ಜಾರಿಗೆ ಬರುವುದು ಏಪ್ರಿಲ್ ಮತ್ತು ಮೇ ತಿಂಗಳಿಗೆಂದು ಹೊರಡುವ ಆದೇಶದ ಮೇಲೆ. ಫೆಬ್ರವರಿಯಲ್ಲಿ ಉಷ್ಣಾಂಶ ಎಷ್ಟೇ ಏರಿದರೂ, ಗುರುವಾರದ ಮುನ್ನೋಟ ಏನೇ ಹೇಳಿದರೂ, ಕಚೇರಿಯ ಗಡಿಯಾರ ಅಲುಗುವುದಿಲ್ಲ. ಕರಾವಳಿಯ ಮೂರು ಜಿಲ್ಲೆಗಳಿಗೆ ಅಂಥ ಏರ್ಪಾಡು ಯಾವ ತಿಂಗಳಿಗೂ ಇಲ್ಲ. ಮುನ್ಸೂಚನೆಯ ಕಿತ್ತಳೆ ಬಣ್ಣ ಕಂಡ ದಿನ ಮೀನುಗಾರಿಕಾ ದಕ್ಕೆಯ ಹೊರೆಯಾಳುಗಳೂ ಕಟ್ಟಡದ ಕೆಲಸಗಾರರೂ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನೆರಳಿಗೆ ಸರಿಯಬೇಕೆಂದು ಆರೋಗ್ಯ ಇಲಾಖೆಯ ಸಲಹೆ ಹೇಳುತ್ತದೆ. ಆ ಮೂರು ಗಂಟೆಯ ಕೂಲಿಯನ್ನು ಯಾರು ಕೊಡಬೇಕೆಂಬುದು ಅದರಲ್ಲಿ ಇರುವುದಿಲ್ಲ.