ಓಡಿದ ಮೇಲೆ ನೆಗಡಿ: ತಪ್ಪು ಓಟದ್ದೇ?

ಪ್ರಶ್ನೆ: ಆರು ತಿಂಗಳು ಅಭ್ಯಾಸ ಮಾಡಿ ಹಾಫ್ ಮ್ಯಾರಥಾನ್ ಓಡಿದೆ. ಮೂರನೇ ದಿನಕ್ಕೆ ಗಂಟಲು ಕೆರೆತ, ನೆಗಡಿ. 'ಅಷ್ಟು ಓಡಿದರೆ ಮೈಯಲ್ಲಿ ಶಕ್ತಿ ಎಲ್ಲಿ ಉಳಿಯುತ್ತೆ?' ಅಂತ ಅಮ್ಮ ಬೈಯುತ್ತಿದ್ದಾರೆ. ಹೆಚ್ಚು ವ್ಯಾಯಾಮದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆಯೇ?

ಉತ್ತರ: ನಿಮ್ಮ ಅಮ್ಮನ ಅನುಮಾನ ವಿಜ್ಞಾನಿಗಳಿಗೂ ಇತ್ತು. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಮುಗಿದ ವಾರ, ಓಡಿದವರಲ್ಲಿ ಶೇ 12.9 ಮಂದಿ ನೆಗಡಿ, ಕೆಮ್ಮಿನಂಥ ತೊಂದರೆ ಹೇಳಿಕೊಂಡರು. ಅಭ್ಯಾಸವಿದ್ದೂ ಅಂದು ಓಡದೆ ಉಳಿದವರಲ್ಲಿ ಹಾಗೆ ಹೇಳಿದ್ದು ಶೇ 2.2 ಮಾತ್ರ. ಅಮೆರಿಕದ ಸಂಶೋಧಕ ಡೇವಿಡ್ ನೀಮನ್ ಮತ್ತು ಸಂಗಡಿಗರು ಕೊಟ್ಟ ಲೆಕ್ಕ ಇದು. ರಕ್ತಪರೀಕ್ಷೆಯೂ ಅದಕ್ಕೆ ಪುಷ್ಟಿ ಕೊಡುವಂತಿತ್ತು. ಜೋರಾಗಿ ಬೆವರು ಹರಿಸಿದ ಒಂದೆರಡು ಗಂಟೆಗಳ ಬಳಿಕ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮೊದಲಿದ್ದುದಕ್ಕಿಂತಲೂ ಕಡಿಮೆಯಾಗಿ ಕಾಣುತ್ತವೆ.

ಆದರೆ ಆ ಕಣಗಳು ಹೋದದ್ದೆಲ್ಲಿಗೆ? ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಇದೇ. ಓಡುವಾಗ ಅಡ್ರಿನಲಿನ್ ಏರುತ್ತದೆ, ರಕ್ತದ ಹರಿವು ರಭಸವಾಗುತ್ತದೆ. ರಕ್ತನಾಳಗಳ ಗೋಡೆಗೆ ಅಂಟಿಕೊಂಡಿದ್ದ, ಗುಲ್ಮದಲ್ಲಿ (ಸ್ಪ್ಲೀನ್) ಸುಮ್ಮನೆ ಕೂತಿದ್ದ ಈ ರಕ್ಷಕ ಕಣಗಳು ಎದ್ದು ರಕ್ತಕ್ಕೆ ಇಳಿಯುತ್ತವೆ. ಓಟ ನಿಂತ ಮೇಲೆ ಅವು ರಕ್ತ ಬಿಟ್ಟು ಹೊರಡುತ್ತವೆ. ಇಲಿಗಳಲ್ಲಿ ಇಂಥ ಕಣಗಳಿಗೆ ಗುರುತು ಹಾಕಿ ಹಿಂಬಾಲಿಸಿದಾಗ ಅವು ಶ್ವಾಸಕೋಶ, ಮೂಳೆಮಜ್ಜೆಯಂಥ ಕಡೆ ಸಿಕ್ಕವು. ಠಾಣೆ ಖಾಲಿ ಕಂಡರೆ ಪೊಲೀಸರೇ ಇಲ್ಲವೆಂದಲ್ಲ, ಬೀಟ್‌ಗೆ ಹೋಗಿದ್ದಾರೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಬೆಲ್ ಮತ್ತು ಜೇಮ್ಸ್ ಟರ್ನರ್ 2018ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿ ವಾದಿಸಿದ್ದೂ ಇದನ್ನೇ. ಎಲ್ಲ ತಜ್ಞರೂ ಒಪ್ಪಿಲ್ಲ, ಚರ್ಚೆ ನಡೆದೇ ಇದೆ. ನನಗಂತೂ ಅವರ ವಾದವೇ ಸರಿ ಅನ್ನಿಸುತ್ತದೆ.

ಹಾಗಾದರೆ ನಿಮಗೆ ನೆಗಡಿ ಯಾಕೆ ಬಂತು? ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದಿರಿ, ನೆನಪಿಸಿಕೊಳ್ಳಿ. ಓಟ ಶುರುವಾಗುವ ಜಾಗದಲ್ಲಿ ಸಾವಿರಾರು ಜನ ಮೈಗೆ ಮೈ ತಾಗಿಸಿ ನಿಂತಿರುತ್ತಾರೆ. ವೈರಸ್ಸಿಗೆ ಅಷ್ಟು ಸಾಕು. ಬಾಯಲ್ಲಿ ಉಸಿರಾಡಿ ಗಂಟಲು ಒಣಗಿದರೂ ಕೆರೆಯುತ್ತದೆ, ಅದು ಸೋಂಕೇ ಆಗಬೇಕಿಲ್ಲ. 1987ರಲ್ಲೂ ಓಟಗಾರರು ಹೇಳಿದ್ದನ್ನು ಬರೆದುಕೊಂಡರೇ ಹೊರತು ವೈರಸ್ ಪರೀಕ್ಷೆ ಮಾಡಿರಲಿಲ್ಲ.

ಇನ್ನೊಂದು ಮಾತನ್ನು ಅಮ್ಮನಿಗೆ ಖಂಡಿತ ಹೇಳಿ. ಅದೇ ನೀಮನ್ ಮುಂದೆ ಸುಮಾರು ಸಾವಿರ ಮಂದಿಯನ್ನು 12 ವಾರ ಗಮನಿಸಿದರು. ವಾರಕ್ಕೆ ಐದು ದಿನ ಅಥವಾ ಅದಕ್ಕೂ ಹೆಚ್ಚು ವ್ಯಾಯಾಮ ಮಾಡಿದವರು ನೆಗಡಿಯಿಂದ ನರಳಿದ ದಿನಗಳು, ಕೂತೇ ಇದ್ದವರಿಗಿಂತ ಶೇ 43ರಷ್ಟು ಕಡಿಮೆ.

ಈಗ ಬರೀ ಮೂಗು ಸೋರುತ್ತಿದ್ದರೆ ನಿಧಾನವಾಗಿ ನಡೆದು ಬನ್ನಿ. ಜ್ವರ, ಮೈಕೈ ನೋವು, ಎದೆಯೊಳಗಿನ ಕೆಮ್ಮು ಇದ್ದರೆ ಮಾತ್ರ ದಯವಿಟ್ಟು ಓಡಬೇಡಿ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ. ಆಗ ಹೃದಯವನ್ನು ದುಡಿಸಿದರೆ ಬಡಿತವೇ ತಾಳ ತಪ್ಪಿ ಜೀವಕ್ಕೆ ಕುತ್ತು ಬಂದೀತು. ಜ್ವರ ಪೂರ್ತಿ ಬಿಟ್ಟ ಮೇಲೆ ನಡಿಗೆಯಿಂದ ಶುರು ಮಾಡಿ. ಎದೆನೋವು ಬಂದರೆ, ಎಂದಿಲ್ಲದಷ್ಟು ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ, ಅಂದೇ ವೈದ್ಯರಿಗೆ ತೋರಿಸಿ.