ಕ್ಯಾಲಿಪ್ಸೊಗೂ ಕ್ರಿಕೆಟ್‌ಗೂ ಎಲ್ಲಿಯ ನಂಟು?

ಓದುಗರ ಪ್ರಶ್ನೆ: ವೆಸ್ಟ್ ಇಂಡೀಸ್ ಆಟ ಅಂದರೆ ಸಾಕು, ಕಾಮೆಂಟರಿಯವರು ‘ಕ್ಯಾಲಿಪ್ಸೊ ಕ್ರಿಕೆಟ್’ ಅಂತಾರೆ. ಏನಿದು ಕ್ಯಾಲಿಪ್ಸೊ? ಹಾಡಿಗೂ ಕ್ರಿಕೆಟ್‌ಗೂ ಗಂಟು ಬಿದ್ದದ್ದು ಹೇಗೆ?

ಕ್ಯಾಲಿಪ್ಸೊ ಟ್ರಿನಿಡಾಡ್ ದ್ವೀಪದ ಹಾಡು. ಆದರೆ ಕ್ರಿಕೆಟ್ ಜೊತೆ ಅದು ಗಟ್ಟಿಯಾಗಿ ಅಂಟಿಕೊಂಡದ್ದು ಲಂಡನ್‌ನಲ್ಲಿ, 1950ರ ಜೂನ್‌ನಲ್ಲಿ. ಅಂಟಿಸಿದವರು ಊರು ಬಿಟ್ಟು ಬಂದಿದ್ದ ಇಬ್ಬರು ಹಾಡುಗಾರರು.

ಮೊದಲು ಹಾಡಿನ ವಿಷಯ. ಆಫ್ರಿಕಾದಿಂದ ಗುಲಾಮರಾಗಿ ತಂದ ಜನರ ಹಾಡುಗಳಲ್ಲಿ ಇದರ ಬೇರು ಇದೆ. ಒಬ್ಬ ಮುಂದೆ ಹಾಡುತ್ತಾನೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಮೊದಲು ಫ್ರೆಂಚ್ ಬೆರಕೆಯ ಆಡುಮಾತಿನಲ್ಲಿತ್ತು, ಆಮೇಲೆ ಇಂಗ್ಲಿಷಿಗೆ ತಿರುಗಿತು. ಕಾರ್ನಿವಲ್ ಎಂಬ ಬೀದಿ ಹಬ್ಬ ಹತ್ತಿರ ಬಂತೆಂದರೆ ‘ಟೆಂಟ್’ ಅನ್ನುವ ಹಾಡಿನ ಚಪ್ಪರಗಳಲ್ಲಿ ಇದರದೇ ಗದ್ದಲ. ಸರ್ಕಾರದ ತಪ್ಪು, ಊರಿನ ಹಗರಣ, ಪಕ್ಕದ ಮನೆ ಗುಟ್ಟು ಎಲ್ಲವೂ ಹಾಡಾಗುತ್ತಿತ್ತು. ನಿಂತ ನಿಲುವಿನಲ್ಲೇ ಪದ ಕಟ್ಟಿ ಒಬ್ಬರನ್ನೊಬ್ಬರು ಛೇಡಿಸುವುದಕ್ಕೆ ‘ಪಿಕಾಂಗ್’ ಅಂತಾರೆ. ಗೀಗೀ ಮೇಳದ ಹರದೇಶಿ–ನಾಗೇಶಿ ಸವಾಲು ಕೇಳಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಹಾಡುಗಾರರ ಬಿರುದುಗಳೂ ಜೋರು: ರೋರಿಂಗ್ ಲಯನ್, ಅಟಿಲ್ಲಾ ದ ಹನ್, ಲಾರ್ಡ್ ಇಂಥವನು. ಬ್ರಿಟಿಷರ ಆಳ್ವಿಕೆಯಲ್ಲಿ ಕಪ್ಪು ಹಾಡುಗಾರ ತನಗೆ ತಾನೇ ‘ಲಾರ್ಡ್’ ಅಂತ ಹೆಸರಿಟ್ಟುಕೊಳ್ಳುವುದೇ ಒಂದು ಕುಚೋದ್ಯ, ಅಲ್ವಾ?

1948ರ ಜೂನ್‌ನಲ್ಲಿ ‘ಎಂಪೈರ್ ವಿಂಡ್‌ರಶ್’ ಹಡಗು ಲಂಡನ್ ಹತ್ತಿರದ ಟಿಲ್‌ಬರಿ ಬಂದರಿಗೆ ಬಂತು. ಯುದ್ಧ ಮುಗಿದಿತ್ತು, ಇಂಗ್ಲೆಂಡಿಗೆ ಕೆಲಸಗಾರರು ಬೇಕಿತ್ತು. ಕೆರಿಬಿಯನ್ ದ್ವೀಪಗಳಿಂದ ನೂರಾರು ಜನ ಅದರಲ್ಲಿದ್ದರು. ಅವರಲ್ಲಿ ಇಬ್ಬರು ಲಾರ್ಡ್ ಕಿಚನರ್ ಮತ್ತು ಲಾರ್ಡ್ ಬಿಗಿನರ್. ನಿಜವಾದ ಹೆಸರು ಆಲ್ಡ್ವಿನ್ ರಾಬರ್ಟ್ಸ್, ಎಗ್ಬರ್ಟ್ ಮೂರ್. ಸುದ್ದಿಚಿತ್ರ (ನ್ಯೂಸ್‌ರೀಲ್) ತೆಗೆಯುವವರು ಕ್ಯಾಮೆರಾ ಹಿಡಿದು ಒಂದು ಹಾಡು ಹೇಳು ಅಂದರು. ಕಿಚನರ್ ಹಡಗಿನಲ್ಲೇ ಕಟ್ಟಿದ್ದ ಹಾಡು ಶುರು ಮಾಡಿದ. ಲಂಡನ್ನೇ ನನಗೆ ತಕ್ಕ ಊರು ಅನ್ನುವ ಹಾಡು. ಪಕ್ಕವಾದ್ಯ ಇರಲಿಲ್ಲ, ವಾದ್ಯದ ಸದ್ದನ್ನೂ ಬಾಯಲ್ಲೇ ನುಡಿಸಿದ. ತಮಾಷೆ ಏನೆಂದರೆ, ಆ ಊರನ್ನು ಅವನು ಇನ್ನೂ ನೋಡಿಯೇ ಇರಲಿಲ್ಲ! ನೋಡಿದ ಮೇಲೆ ಹಾಡಿನ ಧಾಟಿ ಬದಲಾಯಿತು. ಕೊರೆಯುವ ಬಾಡಿಗೆ ರೂಮು, ಕಾಟ ಕೊಡುವ ಮನೆ ಒಡತಿ, ದಿಕ್ಕು ತಪ್ಪಿಸುವ ಸುರಂಗ ರೈಲು, ಕೊನೆಗೆ ಚರ್ಮದ ಬಣ್ಣ, ಯಾವುದನ್ನೂ ಬಿಡಲಿಲ್ಲ.

ಈಗ ಕ್ರಿಕೆಟ್. ವೆಸ್ಟ್ ಇಂಡೀಸ್ 1928ರಿಂದಲೂ ಇಂಗ್ಲೆಂಡಿಗೆ ಬಂದು ಟೆಸ್ಟ್ ಆಡುತ್ತಿತ್ತು. ಅಲ್ಲಿ ಒಂದೂ ಗೆದ್ದಿರಲಿಲ್ಲ. 1950ರಲ್ಲಿ ಲಾರ್ಡ್ಸ್ ಮೈದಾನದಲ್ಲೇ ಗೆದ್ದಿತು, ಅದೂ 326 ರನ್‌ಗಳಿಂದ. ಸನ್ನಿ ರಾಮದೀನ್, ಆಲ್ಫ್ ವ್ಯಾಲೆಂಟೈನ್ ಎಂಬ ಇಬ್ಬರು ಎಳೆಯ ಸ್ಪಿನ್ನರ್‌ಗಳು ಸೇರಿ 18 ವಿಕೆಟ್ ಕಿತ್ತರು. ರಾಮದೀನ್ ಟ್ರಿನಿಡಾಡ್‌ನವನು, ಭಾರತದಿಂದ ಕೂಲಿಗೆ ಹೋದವರ ಮನೆತನದ ಹುಡುಗ. ಕೊನೆಯ ವಿಕೆಟ್ ಬಿದ್ದದ್ದೇ ತಡ, ಕಿಚನರ್ ಗಿಟಾರ್ ಹಿಡಿದು ಮೈದಾನಕ್ಕೆ ಇಳಿದ. ಹಿಂದೆ ಹಾಡುತ್ತಾ ಕುಣಿಯುತ್ತಾ ಊರಿನವರ ದಂಡು. ಲಾರ್ಡ್ಸ್‌ನಂಥ ಗಂಭೀರ ಜಾಗದಲ್ಲಿ ಸುಮ್ನೆ ಊಹಿಸಿಕೊಳ್ಳಿ! ಮೆರವಣಿಗೆ ಅಲ್ಲಿಂದ ಹೊರಟು ನಗರದ ನಡುವಿನ ಪಿಕಡಿಲಿವರೆಗೂ ಹೋಯಿತು.

ಆ ಗೆಲುವಿನ ಮೇಲಿನ ಹಾಡನ್ನು ರೆಕಾರ್ಡ್ ಮಾಡಿದವನು ಬಿಗಿನರ್. ಎರಡೂ ಕಡೆಯ ಆಟಗಾರರ ಹೆಸರು, ಯಾರು ಹೇಗೆ ಆಡಿದರು ಅನ್ನುವುದೆಲ್ಲ ಅದರಲ್ಲಿದೆ. ನನ್ನ ಪ್ರಕಾರ ಅದೊಂದು ಒಳ್ಳೆಯ ಪಂದ್ಯದ ವರದಿ, ಕುಣಿಯಬಹುದಾದ ವರದಿ. ಲಂಡನ್‌ನಲ್ಲಿ ಮುದ್ರಣವಾದ ಇಂಥ ಗ್ರಾಮಫೋನ್ ತಟ್ಟೆಗಳು ಕೆರಿಬಿಯನ್ ದ್ವೀಪಗಳಿಗೂ ಪಶ್ಚಿಮ ಆಫ್ರಿಕಾಕ್ಕೂ ಹಡಗು ಹತ್ತುತ್ತಿದ್ದವು. 1957ರಲ್ಲಿ ಘಾನಾ ಸ್ವತಂತ್ರವಾದಾಗ ಅದಕ್ಕೂ ಕಿಚನರ್‌ನದೊಂದು ಕ್ಯಾಲಿಪ್ಸೊ ಬಂತು. 1962ರಲ್ಲಿ ಅವನು ಊರಿಗೆ ಮರಳಿದ.

ಹಾಂ, ಹ್ಯಾರಿ ಬೆಲಫಾಂಟೆಯ ಬಾಳೆಗೊನೆ ಹಾಡು ಕೇಳಿ ಅದೇ ಕ್ಯಾಲಿಪ್ಸೊ ಅಂದುಕೊಂಡವರು ಜಾಸ್ತಿ. ಅದು ಜಮೈಕಾದ ಕೆಲಸಗಾರರ ಹಾಡು, ಹಾಡಿದವರು ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ.

‘ಕ್ಯಾಲಿಪ್ಸೊ ಕ್ರಿಕೆಟ್’ ಅನ್ನುವ ಮಾತಿನಲ್ಲಿ ನನಗೆ ಒಂದು ತಕರಾರಿದೆ. ಹೊಗಳಿಕೆಯ ಹಾಗೆ ಕೇಳಿಸಿದರೂ, ಇವರು ಲೆಕ್ಕಾಚಾರ ಇಲ್ಲದೆ ಮಜಾ ಮಾಡಲು ಆಡುವವರು ಅನ್ನುವ ತಾತ್ಸಾರ ಅದರೊಳಗಿದೆ. ಆಟಕ್ಕೂ ಅದು ಅನ್ಯಾಯ, ಹಾಡಿಗೂ ಅನ್ಯಾಯ. ಒಳ್ಳೆಯ ಕ್ಯಾಲಿಪ್ಸೊದಲ್ಲಿ ಒಂದೊಂದು ಪದವೂ ಅಳೆದು ತೂಗಿ ಚುಚ್ಚುವಂಥದ್ದು.

ಎದುರಾಳಿಯನ್ನು ಹೊಗಳುವುದಕ್ಕೂ ಅದಕ್ಕೆ ಬರುತ್ತದೆ. 1971ರಲ್ಲಿ ನಮ್ಮ ಪ್ರಸನ್ನ, ವಿಶ್ವನಾಥ್ ಇದ್ದ ಭಾರತ ತಂಡ ಅಲ್ಲಿಗೆ ಹೋಗಿ ಸರಣಿ ಗೆದ್ದಿತು. ತಮ್ಮ ಮೊದಲ ಸರಣಿಯಲ್ಲೇ ಗಾವಸ್ಕರ್ 774 ರನ್ ಹೊಡೆದರು. ಸೋತ ಊರಿನ ಹಾಡುಗಾರ ಲಾರ್ಡ್ ರಿಲೇಟರ್ ಗಾವಸ್ಕರ್ ಮೇಲೆ ಹಾಡು ಕಟ್ಟಿದ. ಔಟೇ ಮಾಡಲಾಗದ ಈ ಆಟಗಾರನನ್ನು ಅವನು ಅದರಲ್ಲಿ ‘ಗೋಡೆ’ ಅಂತ ಕರೆದ. ಆಗ ನಮ್ಮ ರಾಹುಲ್ ದ್ರಾವಿಡ್ ಇನ್ನೂ ಹುಟ್ಟಿರಲಿಲ್ಲ.