ಸ್ಪೋರ್ಟ್ಸ್ ಗೇಮ್‌ಗಳಲ್ಲಿ ಸುಧಾರಿಸಿದ್ದು ಮುಖವೋ, ಚೆಂಡೋ?

ಹೊಸ ಫುಟ್‌ಬಾಲ್ ಗೇಮ್‌ನ ಟ್ರೈಲರ್ ಬಂತು ಅಂದ್ರೆ ಮೊದಲು ತೋರಿಸೋದೇ ಆಟಗಾರರ ಬೆವರು, ಗಡ್ಡ, ಜೆರ್ಸಿಯ ಮಡಿಕೆ. ನೋಡೋಕೆ ಚೆನ್ನಾಗಿರುತ್ತೆ, ಸುಳ್ಳಲ್ಲ. ಆದರೆ ಹಿಂದಿನದನ್ನೆಲ್ಲ ತೆಗೆದು ನೋಡಿದರೆ, ಆಟವನ್ನು ನಿಜಕ್ಕೂ ಬದಲಿಸಿದ್ದು ಚೆಂಡು ಹೇಗೆ ಓಡುತ್ತೆ ಅನ್ನೋದು.

1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ಲ್ಯಾಬ್ ನೋಡಲು ಬರುವ ಜನರಿಗೆ ಬೇಜಾರಾಗದಿರಲಿ ಅಂತ ವಿದ್ಯುತ್ ಅಲೆಗಳನ್ನು ತೋರಿಸುವ ಆಸಿಲೋಸ್ಕೋಪ್ ಯಂತ್ರದ ಪರದೆಯ ಮೇಲೆ 'ಟೆನಿಸ್ ಫಾರ್ ಟೂ' ಎಂಬ ಗೇಮ್ ಮಾಡಿದರು. ಅದರಲ್ಲಿ ಆಟಗಾರರೇ ಇಲ್ಲ. ನೆಲಕ್ಕೊಂದು ಗೆರೆ, ನೆಟ್‌ಗೊಂದು ಗೆರೆ, ಚೆಂಡಿಗೊಂದು ಚುಕ್ಕಿ, ಅಷ್ಟೇ. ಆದರೂ ಆ ಚುಕ್ಕಿಗೆ ಗುರುತ್ವ ಇತ್ತು: ಮೇಲೆ ಹೋಗಿ ಬಾಗಿ ಬೀಳುತ್ತಿತ್ತು, ನೆಲಕ್ಕೆ ಬಡಿದು ಪುಟಿಯುತ್ತಿತ್ತು. 1972ರ ಅಟಾರಿ 'ಪಾಂಗ್'ನಲ್ಲಿ ಅದೂ ಇಲ್ಲ, ಚೆಂಡು ನೇರವಾಗಿ ಹೋಗುತ್ತೆ. ಆದರೆ ಬ್ಯಾಟಿನ ಯಾವ ಭಾಗಕ್ಕೆ ತಾಗಿತು ಅನ್ನೋದರ ಮೇಲೆ ಅದು ತಿರುಗುವ ಕೋನ ಬದಲಾಗುತ್ತಿತ್ತು. ಈ ಒಂದೇ ಉಪಾಯದಿಂದ ಎರಡು ಬಿಳಿ ಪಟ್ಟಿಗಳ ಆಟಕ್ಕೆ ಕೈಚಳಕ ಬಂತು.

ಆಮೇಲಿನ ಎಷ್ಟೋ ಫುಟ್‌ಬಾಲ್ ಗೇಮ್‌ಗಳಲ್ಲಿ ಚೆಂಡು ಕಾಲಿಗೆ ಅಂಟಿಕೊಂಡೇ ಓಡುತ್ತಿತ್ತು. 1989ರ 'ಕಿಕ್ ಆಫ್' ಅದನ್ನು ಬಿಡಿಸಿತು. ಓಡುತ್ತಾ ಸಡನ್ನಾಗಿ ತಿರುಗಿದರೆ ಚೆಂಡು ತನ್ನ ಪಾಡಿಗೆ ಮುಂದೆ ಹೋಗಿಬಿಡುತ್ತಿತ್ತು. ಕಲಿಯೋಕೆ ಕಷ್ಟ, ಆದರೆ ಕಲಿತ ಮೇಲೆ ಅದರ ಮಜಾನೇ ಬೇರೆ. 1993ರ ಕೊನೆಯಲ್ಲಿ ಬಂದ ಇಎ ಕಂಪನಿಯ ಮೊದಲ ಫೀಫಾ ಗೇಮ್ ಮೈದಾನವನ್ನು ಓರೆಯಾಗಿ ತೋರಿಸಿ ಟಿವಿಯಲ್ಲಿ ನೋಡಿದ ಹಾಗೆ ಮಾಡಿತು. ಅದರಲ್ಲೊಂದು ತಮಾಷೆಯ ಬಗ್ ಇತ್ತು. ಗೋಲಿ ಚೆಂಡನ್ನು ಒದೆಯುವಾಗ ಅವನ ಎದುರಿಗೆ ಸುಮ್ನೆ ನಿಂತರೆ ಸಾಕು, ಚೆಂಡು ನಿಮಗೆ ಬಡಿದು ವಾಪಸ್ ಗೋಲ್‌ಪೋಸ್ಟ್ ಒಳಗೇ ಹೋಗುತ್ತಿತ್ತು!

ನಂತರ 3ಡಿ ಬಂತು, ಜೊತೆಗೆ ಮೋಷನ್ ಕ್ಯಾಪ್ಚರ್. ನಿಜವಾದ ಆಟಗಾರರ ಚಲನೆಯನ್ನು ರೆಕಾರ್ಡ್ ಮಾಡಿ ಗೇಮ್‌ನೊಳಗೆ ತಂದರು. ಇಲ್ಲೇ ಒಂದು ಹೊಸ ತಲೆನೋವು ಶುರುವಾಯಿತು. ರೆಕಾರ್ಡ್ ಆದ ಚಲನೆ ಒಮ್ಮೆ ಶುರುವಾದರೆ ಅದು ಮುಗಿಯಬೇಕು ಅಥವಾ ಇನ್ನೊಂದಕ್ಕೆ ಸಲೀಸಾಗಿ ಸೇರಬೇಕು, ಅಷ್ಟರಲ್ಲಿ ನೀವು ಬಟನ್ ಒತ್ತಿ, ಬಯ್ದು, ಮತ್ತೊಮ್ಮೆ ಒತ್ತಿ ಆಗಿರುತ್ತೆ. ಚಲನೆ ಸಹಜವಾದಷ್ಟೂ ಕೈಗೆ ಭಾರ ಅನಿಸುತ್ತೆ, ಚುರುಕು ಮಾಡಿದರೆ ಗೊಂಬೆ ಕುಣಿದ ಹಾಗೆ ಕಾಣುತ್ತೆ. ಈ ಜಗ್ಗಾಟ ಇವತ್ತಿಗೂ ಪೂರ್ತಿ ಮುಗಿದಿಲ್ಲ. ಫೀಫಾ 12ರಲ್ಲಿ ಆಟಗಾರರ ಡಿಕ್ಕಿಗಳನ್ನು ಆಗಿಂದಾಗಲೇ ಲೆಕ್ಕ ಹಾಕತೊಡಗಿದರು. ಫೀಫಾ 22ಕ್ಕಾಗಿ 22 ಆಟಗಾರರಿಗೆ ಸೆನ್ಸರ್ ಸೂಟ್ ತೊಡಿಸಿ ಇಡೀ ಪಂದ್ಯವನ್ನೇ ರೆಕಾರ್ಡ್ ಮಾಡಿದರು.

ತಂತ್ರಜ್ಞಾನದಷ್ಟೇ ಪೈಪೋಟಿಯೂ ಮುಖ್ಯ ಅಲ್ವಾ? 2004ರಲ್ಲಿ 'ಇಎಸ್‌ಪಿಎನ್ ಎನ್‌ಎಫ್‌ಎಲ್ 2ಕೆ5' ಎಂಬ ಅಮೆರಿಕನ್ ಫುಟ್‌ಬಾಲ್ ಗೇಮ್ ಬರೀ 20 ಡಾಲರ್‌ಗೆ ಬಂದು, ಇಎ ಕಂಪನಿಯ 'ಮ್ಯಾಡನ್' ಗೇಮ್‌ಗೆ ಬಿಸಿ ಮುಟ್ಟಿಸಿತು. ಅದೇ ಡಿಸೆಂಬರ್‌ನಲ್ಲಿ ಇಎ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್ ಜೊತೆ ಏಕಸ್ವಾಮ್ಯದ ಒಪ್ಪಂದ ಮಾಡಿಕೊಂಡಿತು, ಅಲ್ಲಿಗೆ ಎದುರಾಳಿಯ ಕಥೆ ಮುಗಿಯಿತು. 2009ರಲ್ಲಿ ಫೀಫಾಗೆ ಅಲ್ಟಿಮೇಟ್ ಟೀಮ್ ಸೇರಿತು. ಪ್ಯಾಕ್ ಕೊಂಡು, ಒಳಗೆ ಯಾವ ಆಟಗಾರ ಸಿಗುತ್ತಾನೋ ಅಂತ ಕಾಯುವ ಆಟ. ಇದು ಜೂಜಿನ ಹಾಗಿದೆ ಅಂತ ಬೆಲ್ಜಿಯಂ ಪಟ್ಟು ಹಿಡಿದ ಮೇಲೆ, 2019ರಲ್ಲಿ ಅಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫೀಫಾ ಪಾಯಿಂಟ್ಸ್ ಮಾರಾಟ ನಿಂತಿತು. ಮೈದಾನದೊಳಗಿನ ಆಟಕ್ಕಿಂತ ಈ ಪ್ಯಾಕ್‌ಗಳ ಮೇಲೇ ಕಂಪನಿಯ ಗಮನ ಜಾಸ್ತಿ ಅನ್ನೋ ದೂರು ನನಗಂತೂ ನ್ಯಾಯವಾಗಿಯೇ ಕಾಣುತ್ತೆ.

ಕ್ರಿಕೆಟ್‌ನ ಕಥೆ ಬೇರೆ. ಇಎ ತನ್ನ 'ಕ್ರಿಕೆಟ್ 07' ಆದಮೇಲೆ ಆ ಸರಣಿಯನ್ನೇ ಕೈಬಿಟ್ಟಿತು. 2014ರಲ್ಲಿ ಬಿಗ್ ಆ್ಯಂಟ್ ಕಂಪನಿಯ 'ಡಾನ್ ಬ್ರಾಡ್‌ಮನ್ ಕ್ರಿಕೆಟ್ 14' ಕಂಟ್ರೋಲರ್‌ನ ಒಂದು ಸ್ಟಿಕ್‌ಗೆ ಪಾದದ ಚಲನೆ, ಇನ್ನೊಂದಕ್ಕೆ ಹೊಡೆತ ಕೊಟ್ಟು ಬ್ಯಾಟಿಂಗನ್ನು ಹೊಸದಾಗಿ ಕಲಿಸಿತು. ಹಾಗಿದ್ದರೂ 'ಕ್ರಿಕೆಟ್ 07' ಸಾಯಲಿಲ್ಲ. ಅಭಿಮಾನಿಗಳೇ ಕೂತು ಹೊಸ ಆಟಗಾರರ ಹೆಸರು, ಹೊಸ ಜೆರ್ಸಿ ಸೇರಿಸಿ ಪ್ಯಾಚ್ ಬಿಡುತ್ತಾ, ಕಂಪನಿ ಕೈಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಅದನ್ನು ನಡೆಸಿಕೊಂಡು ಬಂದಿದ್ದಾರೆ.